ಲಂಕೇಶರ ಮೂರು ಕಾದಂಬರಿ, ನಾಲ್ಕು ಸಿನಿಮಾ

ಪಿ. ಲಂಕೇಶ್ ಎಂದೊಡನೆ ಬಹಳ ಜನರಿಗೆ ನೆನಪಾಗುವುದು 1980ರಲ್ಲಿ ಶುರುವಾದ, ಜಾಹೀರಾತುಗಳ ಹಂಗಿಲ್ಲದೆ ನಡೆದ ‘ಲಂಕೇಶ್ ಪತ್ರಿಕೆ’. ಸಾಹಿತ್ಯದ ವಿದ್ಯಾರ್ಥಿಗಳಿಗೆ ಅವರ ಕತೆಗಳು, ನಾಟಕಗಳು ನೆನಪಾಗುತ್ತವೆ. ಇವೆರಡರ ನಡುವೆ ಅವರು ಸಿನಿಮಾ ಮಾಡಿದ ಐದು ವರ್ಷಗಳಿವೆ. ‘ಪಲ್ಲವಿ’ (1976), ‘ಅನುರೂಪ’ (1977), ‘ಖಂಡವಿದೆಕೋ ಮಾಂಸವಿದೆಕೋ’ (1979), ‘ಎಲ್ಲಿಂದಲೋ ಬಂದವರು’ (1980). ಅವರ ಬಗೆಗಿನ ಬರಹಗಳಲ್ಲಿ ಈ ನಾಲ್ಕಕ್ಕೂ ಸೇರಿ ಸಿಗುವುದು ಸಾಮಾನ್ಯವಾಗಿ ಒಂದೇ ವಾಕ್ಯ. ಆದರೆ ಅವರ ಮೂರು ಕಾದಂಬರಿಗಳನ್ನು ಕಾಲಾನುಕ್ರಮದಲ್ಲಿಟ್ಟು ಓದಿದರೆ ಆ ಒಂದು ವಾಕ್ಯ ಸಾಲದು ಅನ್ನಿಸುತ್ತದೆ. ‘ಬಿರುಕು’ ಬಂದದ್ದು 1967ರಲ್ಲಿ, ‘ಮುಸ್ಸಂಜೆಯ ಕಥಾಪ್ರಸಂಗ’ 1978ರಲ್ಲಿ, ‘ಅಕ್ಕ’ 1991ರಲ್ಲಿ. ಮೊದಲನೆಯದಕ್ಕೂ ಉಳಿದೆರಡಕ್ಕೂ ನಡುವೆ ಕ್ಯಾಮೆರಾ ಇದೆ.

ಕನ್ನಡದ ಹೊಸ ಅಲೆಯ ಸಿನಿಮಾ ಹುಟ್ಟಿದ್ದೇ ಕಾದಂಬರಿಯಿಂದ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ಕ್ಕೆ (1970) ಅನಂತಮೂರ್ತಿಯವರ ಕಾದಂಬರಿ, ‘ವಂಶವೃಕ್ಷ’ಕ್ಕೆ ಭೈರಪ್ಪನವರದು, ‘ಕಾಡು’ವಿಗೆ ಶ್ರೀಕೃಷ್ಣ ಆಲನಹಳ್ಳಿಯವರದು, ‘ಚೋಮನ ದುಡಿ’ಗೆ ಕಾರಂತರದು. ‘ಸಂಸ್ಕಾರ’ದಲ್ಲಿ ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯರಾದರೆ ಲಂಕೇಶ್ ನಾರಣಪ್ಪನಾಗಿದ್ದರು. ಇಂಗ್ಲಿಷ್ ಮೇಷ್ಟರೊಬ್ಬರು ಕ್ಯಾಮೆರಾದ ಎದುರಿಗೆ ನಿಂತು ಸಿನಿಮಾವನ್ನು ಹತ್ತಿರದಿಂದ ಕಂಡದ್ದು ಹೀಗೆ.

ಸಿನಿಮಾಕ್ಕೆ ಬರಲು ಬೇರೆ ದಾರಿಯೂ ಇತ್ತು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಿಂದಲೇ ಛಾಯಾಗ್ರಹಣ ಕಲಿಸುತ್ತಿದ್ದರು. ಗುರುದತ್ತರ ಚಿತ್ರಗಳ ಛಾಯಾಗ್ರಾಹಕ ವಿ.ಕೆ. ಮೂರ್ತಿ, ಆಮೇಲೆ ಗೋವಿಂದ ನಿಹಲಾನಿ ಅಲ್ಲಿಂದಲೇ ಹೊರಬಂದವರು. ಆ ಕೋರ್ಸುಗಳ ಪರಂಪರೆ ಈಗ ಹೆಸರಘಟ್ಟದ ಸರ್ಕಾರಿ ಫಿಲಂ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಮುಂದುವರಿದಿದೆ. ‘ಘಟಶ್ರಾದ್ಧ’ (1977) ಮಾಡಿದ ಗಿರೀಶ್ ಕಾಸರವಳ್ಳಿ ಪುಣೆಯಲ್ಲಿ ಕಲಿತು ಬಂದರು. ಲಂಕೇಶ್ ಬಂದದ್ದು ಇಂಥ ಯಾವ ಶಾಲೆಯಿಂದಲೂ ಅಲ್ಲ. ಅವರ ಕೈಯಲ್ಲಿದ್ದದ್ದು ಬರವಣಿಗೆ ಮತ್ತು ರಂಗಭೂಮಿ.

ಅವರ ಸಂದರ್ಭ ಇನ್ನೊಂದು ಕಾರಣಕ್ಕೂ ವಿಶೇಷ. ಹೊಸ ಅಲೆಯ ಹೆಚ್ಚಿನ ನಿರ್ದೇಶಕರು ಇನ್ನೊಬ್ಬರ ಕಾದಂಬರಿಯನ್ನು ತೆರೆಗೆ ತಂದರು. ‘ಮೂಲಕ್ಕೆ ನಿಷ್ಠವಾಗಿದೆಯೇ’ ಎಂಬ ಪ್ರಶ್ನೆ ಅವರ ಬೆನ್ನು ಬಿಡಲಿಲ್ಲ. ‘ಪಲ್ಲವಿ’ಗೆ ಆಧಾರವಾದದ್ದು ಲಂಕೇಶರದೇ ‘ಬಿರುಕು’. ತಮ್ಮ ಪುಸ್ತಕವನ್ನು ತಾವೇ ಮುರಿದು ಕಟ್ಟುವ ಸ್ವಾತಂತ್ರ್ಯ ಅವರಿಗಿತ್ತು, ಅದನ್ನು ಅವರು ಧಾರಾಳವಾಗಿಯೇ ಬಳಸಿದರು.

‘ಬಿರುಕು’ ನವ್ಯದ ಕಾದಂಬರಿ. ಓದಿದ ತರುಣನೊಬ್ಬನ ಒಡೆದ ಮನಸ್ಸಿನೊಳಗೇ ಅದು ಸುತ್ತುತ್ತದೆ. ‘ಪಲ್ಲವಿ’ಯಲ್ಲಿ ನಾವು ಹೆಚ್ಚಾಗಿ ನೋಡುವುದು ಹುಡುಗಿಯ ಕಣ್ಣಿನಿಂದ. ಒಟ್ಟಿಗೆ ಓದಿ ಪ್ರೀತಿಸಿದ ಇಬ್ಬರಲ್ಲಿ ಅವಳಿಗೆ ಕೆಲಸ ಸಿಗುತ್ತದೆ, ಅವನಿಗಿಲ್ಲ. ಅವಳು ತನ್ನ ಕಂಪನಿಯ ಯಜಮಾನನನ್ನು ಮದುವೆಯಾಗುತ್ತಾಳೆ, ಅವನು ತೀವ್ರ ರಾಜಕೀಯದ ಕಡೆ ಹೋಗುತ್ತಾನೆ. ಅವಳ ಆಯ್ಕೆಯನ್ನು ದ್ರೋಹ ಎಂದು ಕರೆದು ಮುಗಿಸುವುದು ಸುಲಭವಿತ್ತು. ಅವಳ ಕಡೆಯಿಂದ ನೋಡಿದಾಗ ಆ ತೀರ್ಪು ಅಷ್ಟು ಸಲೀಸಾಗಿ ಬರುವುದಿಲ್ಲ. ವಿಮಲಾ ನಾಯ್ಡು ಮತ್ತು ಮುಂದೆ ‘ಮಾಯಾಮೃಗ’ ಧಾರಾವಾಹಿಯಿಂದ ಮನೆಮಾತಾದ ಟಿ.ಎನ್. ಸೀತಾರಾಂ ಮುಖ್ಯ ಪಾತ್ರಗಳಲ್ಲಿದ್ದ ಈ ಚಿತ್ರಕ್ಕೆ ರಾಜೀವ ತಾರಾನಾಥರ ಸಂಗೀತವಿತ್ತು. ಮೊದಲ ಚಿತ್ರಕ್ಕೇ ಲಂಕೇಶರಿಗೆ ಅತ್ಯುತ್ತಮ ನಿರ್ದೇಶಕ ರಾಷ್ಟ್ರಪ್ರಶಸ್ತಿ ಬಂತು.

ಪ್ರಶಸ್ತಿಗಿಂತ ಮುಖ್ಯವಾದದ್ದು ಆ ದೃಷ್ಟಿಯ ಬದಲಾವಣೆ. ಕಾದಂಬರಿಯಲ್ಲಿ ಪಾತ್ರದ ಒಳಗನ್ನು ಪುಟಗಟ್ಟಲೆ ಬರೆಯಬಹುದು. ಕ್ಯಾಮೆರಾಕ್ಕೆ ಕಾಣುವುದು ಮುಖ, ನಡಿಗೆ, ಮನೆ, ಬೀದಿ, ಎದುರಿಗೆ ಕೂತ ಇನ್ನೊಬ್ಬ ಮನುಷ್ಯ. ಒಬ್ಬನ ಚಿಂತೆಯಷ್ಟೇ ಲೋಕವಲ್ಲ ಎಂಬುದು ಅಲ್ಲಿ ತಾನಾಗಿಯೇ ಗೊತ್ತಾಗುತ್ತದೆ.

ಸಿನಿಮಾ ಮಾಡುತ್ತಿದ್ದ ದಿನಗಳಲ್ಲೇ ಬಂದ ‘ಮುಸ್ಸಂಜೆಯ ಕಥಾಪ್ರಸಂಗ’ದಲ್ಲಿ ‘ಬಿರುಕು’ವಿನ ಏಕಾಂಗಿ ಇಲ್ಲ. ಅಲ್ಲಿರುವುದು ಒಂದು ಇಡೀ ಹಳ್ಳಿ: ಬಾಯಿಬಡುಕರು, ಸಾಲಗಾರರು, ಪ್ರೇಮಿಗಳು, ಅವರೆಲ್ಲರ ನಡುವೆ ರಂಗವ್ವ. ಜಾತಿ, ಆಸೆ, ಸಣ್ಣತನ ಎಲ್ಲವೂ ಮಾತಿನಲ್ಲಿ, ಜಗಳದಲ್ಲಿ, ನಗೆಯಲ್ಲಿ ಹೊರಬೀಳುತ್ತವೆ. ಲೇಖಕ ಯಾರೊಬ್ಬರ ತಲೆಯೊಳಗೂ ಬಹಳ ಹೊತ್ತು ಕೂರುವುದಿಲ್ಲ.

ಈ ಬದಲಾವಣೆಯನ್ನೆಲ್ಲ ಸಿನಿಮಾದ ಲೆಕ್ಕಕ್ಕೇ ಬರೆಯಬೇಕಿಲ್ಲ. ‘ತೆರೆಗಳು’, ‘ಸಂಕ್ರಾಂತಿ’ಯಂಥ ನಾಟಕಗಳಲ್ಲಿ ಅವರು ಮೊದಲೇ ಹಲವು ದನಿಗಳನ್ನು ಎದುರುಬದುರು ನಿಲ್ಲಿಸಿದ್ದರು. ಎಪ್ಪತ್ತರ ದಶಕದಲ್ಲಿ ನವ್ಯದ ಬಗ್ಗೆ ಕನ್ನಡದಲ್ಲೇ ಅಸಮಾಧಾನ ಬೆಳೆದು ದಲಿತ, ಬಂಡಾಯ ಬರವಣಿಗೆ ತಲೆಯೆತ್ತುತ್ತಿತ್ತು. ಆದರೆ ಆ ಒತ್ತಡಗಳು ಲಂಕೇಶರ ಗದ್ಯದಲ್ಲಿ ಕಣ್ಣಾಗಿ ಬದಲಾಗಲು ಸಿನಿಮಾ ನೆರವಾಯಿತು ಎಂದು ನನ್ನ ಓದು.

ನೆರೆಯ ತಮಿಳಿನಲ್ಲೂ ಇಂಥದೇ ಉದಾಹರಣೆಯಿದೆ. ಲಂಕೇಶರಿಗಿಂತ ಒಂದು ವರ್ಷ ಹಿರಿಯರಾದ ಜಯಕಾಂತನ್ (ಜನನ 1934) ತಮ್ಮದೇ ಕಾದಂಬರಿ ‘ಉನ್ನೈಪೋಲ್ ಒರುವನ್’ ಅನ್ನು 1965ರಲ್ಲಿ ತಾವೇ ನಿರ್ದೇಶಿಸಿದರು. ಅದು ಕೊಳೆಗೇರಿಯ ಬದುಕಿನ ಚಿತ್ರ. ಅವರೂ ಚಿತ್ರರಂಗದಲ್ಲೇ ಉಳಿಯದೆ ಬರವಣಿಗೆಗೆ ಮರಳಿದರು.

ಲಂಕೇಶರ ಕೊನೆಯ ಚಿತ್ರ ಬಂದ ವರ್ಷವೇ ಪತ್ರಿಕೆಯೂ ಆರಂಭವಾಯಿತು. ‘ಎಲ್ಲಿಂದಲೋ ಬಂದವರು’ ಚಿತ್ರಕ್ಕೆ ಅವರು ಬರೆದ ‘ಕೆಂಪಾದವೋ’ ಹಾಡನ್ನು ಇವತ್ತಿಗೂ ಜನ ಗುನುಗುತ್ತಾರೆ. ವಾರವಾರ ನಾಡಿನ ಮೂಲೆಮೂಲೆಯ ಸುದ್ದಿ ಅಚ್ಚಾಗತೊಡಗಿದ ಮೇಲೆ ಅವರು ಮತ್ತೆ ಚಿತ್ರ ನಿರ್ದೇಶಿಸಲಿಲ್ಲ.

ಪತ್ರಿಕೆಯ ಹನ್ನೊಂದು ವರ್ಷಗಳ ನಂತರ ಬಂದ ‘ಅಕ್ಕ’ವನ್ನು ಹೇಳುವವನು ಬೆಂಗಳೂರಿನ ಕೊಳೆಗೇರಿಯ ಹುಡುಗ ಕ್ಯಾತ. ಅಕ್ಕ ದೇವೀರಿಯನ್ನು ಅವನು ನೋಡುವ ಬಗೆಯೇ ಆ ಕಾದಂಬರಿ. ತಾನು ಕಂಡದ್ದರ ಅರ್ಥ ಅವನಿಗೆ ಪೂರ್ತಿ ತಿಳಿಯುವುದಿಲ್ಲ, ಓದುಗರಿಗೆ ತಿಳಿಯುತ್ತದೆ. ‘ಪಲ್ಲವಿ’ಯಲ್ಲಿ ಕಣ್ಣು ಹುಡುಗನಿಂದ ಹುಡುಗಿಗೆ ದಾಟಿತ್ತು. ಇಲ್ಲಿ ಅದು ಓದು ಬರಹದ ವರ್ಗವನ್ನೇ ಬಿಟ್ಟು ಹೊರಟಿದೆ. ಮಗಳು ಕವಿತಾ ಲಂಕೇಶ್ ಈ ಕಾದಂಬರಿಯನ್ನು 1999ರಲ್ಲಿ ‘ದೇವೀರಿ’ ಎಂದು ತೆರೆಗೆ ತಂದರು. ಮರುವರ್ಷ ಜನವರಿ 25ರಂದು ಲಂಕೇಶ್ ತೀರಿಕೊಂಡರು.

ಸಿನಿಮಾ ಕಲಿಯುವವರು ಮೊದಲು ‘ಬಿರುಕು’ ಓದಿ, ‘ಪಲ್ಲವಿ’ ನೋಡಿ, ಆಮೇಲೆ ‘ಅಕ್ಕ’ ಹಿಡಿಯಬೇಕು. ಸಾಹಿತ್ಯದ ವಿದ್ಯಾರ್ಥಿಗಳಿಗೂ ಅದೇ ದಾರಿ. ಕತೆಯನ್ನು ಯಾರ ಕಡೆಯಿಂದ ಹೇಳಬೇಕು ಎಂಬ ಪ್ರಶ್ನೆಯನ್ನು ಒಬ್ಬ ಲೇಖಕ ಇಪ್ಪತ್ತನಾಲ್ಕು ವರ್ಷ ಬಿಡದೆ ಕೇಳಿಕೊಂಡದ್ದು ಆ ಮೂರರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.