ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ: ಪೋಷಕ ಸದಸ್ಯರ ಆಯ್ಕೆ, ವಿವಾದಗಳು ಹಾಗೂ ಪರಿಹಾರ ಮಾರ್ಗಗಳು

ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್.ಡಿ.ಎಂ.ಸಿ.) ಪೋಷಕ ಸದಸ್ಯರನ್ನು ಆಯ್ಕೆ ಮಾಡುವ ಸಂದರ್ಭದಲ್ಲಿ ಉದ್ಭವಿಸುವ ತಕರಾರುಗಳ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ ನೀಡುವುದು ಈ ಪುಟದ ಉದ್ದೇಶವಾಗಿದೆ. ಯಾದಗಿರಿ ಜಿಲ್ಲೆಯ ರಾಮಸಮುದ್ರ ಹಾಗೂ ಇತರ ಗ್ರಾಮಗಳ ಪೋಷಕರು ಯಾವ ಹಂತದಲ್ಲಿ ಯಾವ ಕಛೇರಿಯನ್ನು ಸಂಪರ್ಕಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಹಿನ್ನೆಲೆ

ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯು ಮಾಡಿದ ಶಿಫಾರಸ್ಸಿನ ಮೇರೆಗೆ, ರಾಜ್ಯ ಸರ್ಕಾರವು ದಿನಾಂಕ 28-04-2001ರ ಆದೇಶದ ಮೂಲಕ ಈ ಸಮಿತಿಗಳನ್ನು ಅಸ್ತಿತ್ವಕ್ಕೆ ತಂದಿತು. ಅದಕ್ಕೆ ಮೊದಲು ಗ್ರಾಮ ಶಿಕ್ಷಣ ಸಮಿತಿಗಳು ಇದ್ದವು. ಕೇವಲ ಸರ್ಕಾರಿ ಆದೇಶದಿಂದ ರಚಿತವಾದ ಸಮಿತಿಗೆ ಇರುವ ಕಾನೂನಿನ ಆಧಾರವೇನು, ಸದಸ್ಯರನ್ನು ಪೋಷಕರೇ ಆರಿಸಬೇಕೆ ಅಥವಾ ಹೊರಗಿನವರು ನಾಮನಿರ್ದೇಶನ ಮಾಡಬಹುದೆ ಎಂಬ ಪ್ರಶ್ನೆಗಳು ನಂತರದ ವರ್ಷಗಳಲ್ಲಿ ಎದ್ದವು. 2006ರಲ್ಲಿ ಮಾದರಿ ಉಪವಿಧಿಗಳನ್ನು ಹೊರಡಿಸಿ, ಪಂಚಾಯತ್ ರಾಜ್ ಅಧಿನಿಯಮ, 1993ರ 61ಎ ಪ್ರಕರಣದಡಿ ಸಮಿತಿಗಳನ್ನು ಗ್ರಾಮ ಪಂಚಾಯಿತಿ ವ್ಯವಸ್ಥೆಯೊಳಗೆ ತರಲಾಯಿತು.

ದಿನಾಂಕ 01-04-2010ರಿಂದ ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ 21ನೇ ಪ್ರಕರಣವು ಶಾಲಾ ಸಮಿತಿಗೆ ದೇಶದಾದ್ಯಂತ ಶಾಸನದ ಆಧಾರ ಒದಗಿಸಿದೆ.

2. ಕಾಯ್ದೆಯ ಮುಖ್ಯ ಅಂಶಗಳು

• ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕನೇ ಮೂರು ಭಾಗದಷ್ಟು ಮಂದಿ ಆ ಶಾಲೆಯ ಮಕ್ಕಳ ಪೋಷಕರು ಅಥವಾ ಪಾಲಕರಾಗಿರತಕ್ಕದ್ದು.
• ಅವಕಾಶವಂಚಿತ ಗುಂಪು ಮತ್ತು ದುರ್ಬಲ ವರ್ಗಗಳ ಮಕ್ಕಳ ಪೋಷಕರಿಗೆ ಅನುಪಾತಕ್ಕನುಗುಣವಾಗಿ ಪ್ರಾತಿನಿಧ್ಯ ನೀಡತಕ್ಕದ್ದು.
• ಸದಸ್ಯರಲ್ಲಿ ಶೇ. 50ರಷ್ಟು ಮಹಿಳೆಯರಿರತಕ್ಕದ್ದು.
• ಶಾಲೆಯ ಕಾರ್ಯನಿರ್ವಹಣೆಯ ಮೇಲ್ವಿಚಾರಣೆ, ಶಾಲಾ ಅಭಿವೃದ್ಧಿ ಯೋಜನೆಯ ತಯಾರಿಕೆ ಮತ್ತು ಅನುದಾನದ ಬಳಕೆಯ ಮೇಲೆ ನಿಗಾ ಇಡುವುದು ಸಮಿತಿಯ ಕರ್ತವ್ಯಗಳಾಗಿವೆ.

ಕೊನೆಯ ಅಂಶದ ಕಾರಣದಿಂದಲೇ ಸದಸ್ಯರ ಆಯ್ಕೆಯು ಮಹತ್ವ ಪಡೆಯುತ್ತದೆ. ಶಾಲೆಗೆ ಬರುವ ಹಣ ಹೇಗೆ ವೆಚ್ಚವಾಗುತ್ತದೆ, ಕೊಠಡಿ, ಕುಡಿಯುವ ನೀರು ಮತ್ತು ಶೌಚಾಲಯದ ಕೊರತೆ ಯೋಜನೆಯಲ್ಲಿ ಸೇರುತ್ತದೆಯೇ ಎಂಬುದನ್ನು ನೋಡುವವರು ಈ ಸದಸ್ಯರೇ ಆಗಿರುತ್ತಾರೆ.

ಸಮಿತಿಯಲ್ಲಿ ಯಾರಿರಬೇಕೆಂದು ಕಾಯ್ದೆ ತಿಳಿಸುತ್ತದೆ. ಆದರೆ ಪೋಷಕರು ಕೈ ಎತ್ತುವ ಮೂಲಕ ಮತ ನೀಡಬೇಕೆ, ಚೀಟಿಯ ಮೂಲಕವೆ ಎಂಬ ವಿವರವನ್ನು 21ನೇ ಪ್ರಕರಣವು ನೀಡುವುದಿಲ್ಲ. ಅದನ್ನು ನಿಯಮಗಳು, ಉಪವಿಧಿಗಳು ಮತ್ತು ಇಲಾಖೆಯ ಸುತ್ತೋಲೆಗಳಲ್ಲಿ ನೋಡಬೇಕು. ಆದ್ದರಿಂದ ಸಭೆಯ ನೋಟೀಸು, ಪೋಷಕರ ಪಟ್ಟಿ, ಹಾಜರಾತಿ ಸಹಿಗಳು ಮತ್ತು ಸಭಾ ನಡವಳಿ ಎಂಬ ನಾಲ್ಕು ದಾಖಲೆಗಳು ವಿವಾದದ ಸಂದರ್ಭದಲ್ಲಿ ನಿರ್ಣಾಯಕವಾಗುತ್ತವೆ.

3. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಅ) ತಂದೆ ತಾಯಿ ಇಬ್ಬರೂ ದುಡಿಯಲು ಬೆಂಗಳೂರು, ಹೈದರಾಬಾದ್ ಅಥವಾ ಪುಣೆಗೆ ಹೋಗಿದ್ದು, ಮಗು ಅಜ್ಜಿಯ ಬಳಿ ಇದೆ. ಅಜ್ಜಿಯು ಸಭೆಯಲ್ಲಿ ಭಾಗವಹಿಸಬಹುದೆ?
ಭಾಗವಹಿಸಬಹುದು. ಮಗುವಿನ ಆರೈಕೆ ಮತ್ತು ಸುಪರ್ದು ಯಾರಲ್ಲಿದೆಯೋ ಅವರು ಕಾಯ್ದೆಯ 2ನೇ ಪ್ರಕರಣದ ಅರ್ಥದಲ್ಲಿ ಪಾಲಕರು. ಸಭೆಗೆ ಮುಂಚಿತವಾಗಿಯೇ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಿ, ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳುವಂತೆ ಕೋರುವುದು ಒಳ್ಳೆಯದು.

ಆ) ಓದು ಬರಹ ಬಾರದವರು ಸದಸ್ಯರಾಗಬಹುದೆ?
ಆಗಬಹುದು. 21ನೇ ಪ್ರಕರಣವು ಪೋಷಕ ಸದಸ್ಯರಿಗೆ ಯಾವುದೇ ವಿದ್ಯಾರ್ಹತೆಯನ್ನು ನಿಗದಿಪಡಿಸಿಲ್ಲ.

ಇ) ಒಂದು ಕುಟುಂಬಕ್ಕೆ ಒಂದು ಮತವೆ, ತಂದೆ ತಾಯಿ ಇಬ್ಬರಿಗೂ ಪ್ರತ್ಯೇಕ ಮತವೆ?
ಮತ ಹಾಕುವ ಮೊದಲೇ ಚಾಲ್ತಿಯಲ್ಲಿರುವ ಸುತ್ತೋಲೆಯನ್ನು ಸಭೆಯಲ್ಲಿ ಓದಿ ಹೇಳುವಂತೆ ಕೋರಬೇಕು. ಅನುಸರಿಸಿದ ಕ್ರಮವನ್ನು ನಡವಳಿಯಲ್ಲಿ ಬರೆಸಬೇಕು. ಫಲಿತಾಂಶ ಬಂದ ನಂತರ ಎತ್ತುವ ಆಕ್ಷೇಪಣೆಗಿಂತ ಸಭೆಯಲ್ಲಿಯೇ ದಾಖಲಾದ ಆಕ್ಷೇಪಣೆಗೆ ಹೆಚ್ಚಿನ ಬೆಲೆ ಇರುತ್ತದೆ.

ಈ) ಇದು ಪಂಚಾಯಿತಿ ಚುನಾವಣೆಯಂತೆಯೇ?
ಅಲ್ಲ. ಈ ವಿಷಯದಲ್ಲಿ ತಪ್ಪು ತಿಳಿವಳಿಕೆ ಸಾಮಾನ್ಯವಾಗಿದೆ. ಗ್ರಾಮ ಪಂಚಾಯಿತಿ ಚುನಾವಣೆಯನ್ನು ರಾಜ್ಯ ಚುನಾವಣಾ ಆಯೋಗವು ನಡೆಸುತ್ತದೆ. ಅದನ್ನು ಪ್ರಶ್ನಿಸಲು 1993ರ ಅಧಿನಿಯಮದ 15ನೇ ಪ್ರಕರಣದಡಿ, ಫಲಿತಾಂಶ ಘೋಷಣೆಯಾದ 30 ದಿನಗಳೊಳಗೆ ಚುನಾವಣಾ ತಕರಾರು ಅರ್ಜಿಯನ್ನೇ ಸಲ್ಲಿಸಬೇಕು. ಶಾಲಾ ಸಮಿತಿಯ ಪೋಷಕ ಸದಸ್ಯರ ಆಯ್ಕೆಗೆ ಆಯೋಗದ ಮತದಾರರ ಪಟ್ಟಿಯಾಗಲಿ, 15ನೇ ಪ್ರಕರಣದ ಅರ್ಜಿಯಾಗಲಿ ಅನ್ವಯಿಸುವುದಿಲ್ಲ.

4. ಪರಿಹಾರ ಮಾರ್ಗಗಳು

ಹಂತ 1: ಆಕ್ಷೇಪಣೆಯನ್ನು ಲಿಖಿತವಾಗಿ ಮುಖ್ಯೋಪಾಧ್ಯಾಯರಿಗೆ ನೀಡಿ, ಸ್ವೀಕೃತಿ ಪಡೆಯುವುದು. ಪ್ರತಿಯನ್ನು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ ಸಲ್ಲಿಸುವುದು.

ಹಂತ 2: ಪರಿಹಾರ ದೊರೆಯದಿದ್ದಲ್ಲಿ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ, ನಂತರ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಮನವಿ ಸಲ್ಲಿಸುವುದು. ರಾಮಸಮುದ್ರದ ಪೋಷಕರಿಗೆ ಇವೆರಡೂ ಕಛೇರಿಗಳು ಯಾದಗಿರಿಯಲ್ಲಿವೆ.

ಹಂತ 3: ವಿವಾದದಿಂದ ಮಕ್ಕಳ ಹಕ್ಕಿಗೆ ಧಕ್ಕೆಯಾಗಿದ್ದಲ್ಲಿ, ಶಿಕ್ಷಣ ಹಕ್ಕು ಕಾಯ್ದೆಯ 32ನೇ ಪ್ರಕರಣದಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ನೀಡಬಹುದು. ಉಭಯ ಪಕ್ಷಗಳ ಅಹವಾಲು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಕಾಯ್ದೆ ತಿಳಿಸುತ್ತದೆ. ತೀರ್ಮಾನದಿಂದ ಬಾಧಿತರಾದವರು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಹಂತ 4: ಕೊನೆಯದಾಗಿ ಸಂವಿಧಾನದ 226ನೇ ಅನುಚ್ಛೇದದಡಿ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಲು ಅವಕಾಶವಿದೆ. ಯಾದಗಿರಿ ಜಿಲ್ಲೆಯು ಕಲಬುರಗಿ ಪೀಠದ ವ್ಯಾಪ್ತಿಗೆ ಒಳಪಡುತ್ತದೆ. ಇಲಾಖೆಗೆ ಮೊದಲು ಮನವಿ ಸಲ್ಲಿಸಲಾಗಿದೆಯೇ, ಅನಾವಶ್ಯಕ ವಿಳಂಬವಾಗಿದೆಯೇ ಎಂಬುದನ್ನು ನ್ಯಾಯಾಲಯವು ಪರಿಗಣಿಸುವುದರಿಂದ ಮೊದಲ ಹಂತಗಳ ಸ್ವೀಕೃತಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

5. ದಾಖಲೆಗಳನ್ನು ಪಡೆಯುವ ವಿಧಾನ

ನೋಟೀಸು, ಪೋಷಕರ ಪಟ್ಟಿ, ಹಾಜರಾತಿ ಮತ್ತು ನಡವಳಿಯ ಪ್ರತಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು. ಅರ್ಜಿ ಶುಲ್ಕ ರೂ. 10. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ಇರುವುದಿಲ್ಲ. ರಾಜ್ಯದ ನಿಯಮಗಳನ್ವಯ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, 150 ಪದಗಳನ್ನು ಮೀರದಂತಿರಬೇಕು. 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಮುಂದಿನ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಬಹುದು.

6. ಉಚಿತ ಕಾನೂನು ನೆರವು

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಪ್ರಕರಣದಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ತಮ್ಮ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು.

7. ಮನವಿಯೊಂದಿಗೆ ಲಗತ್ತಿಸಬೇಕಾದವು

• ಮಗುವಿನ ದಾಖಲಾತಿ ತೋರಿಸುವ ಪ್ರತಿ
• ಪಾಲಕರಾಗಿದ್ದಲ್ಲಿ ಮಗು ತಮ್ಮ ಆರೈಕೆಯಲ್ಲಿರುವ ಬಗ್ಗೆ ಲಿಖಿತ ಹೇಳಿಕೆ
• ಸಭೆಯ ದಿನಾಂಕ, ಸ್ಥಳ ಮತ್ತು ಆಕ್ಷೇಪಣೆಯ ಅಂಶವಾರು ವಿವರ
• ಹಿಂದೆ ಸಲ್ಲಿಸಿದ ಮನವಿಗಳ ಸ್ವೀಕೃತಿ ಪ್ರತಿಗಳು

ಸೂಚನೆ: ಆಯ್ಕೆಯ ವಿವಾದವು ಇತ್ಯರ್ಥವಾಗುವವರೆಗೆ ಮಕ್ಕಳ ಕಲಿಕೆ ಮತ್ತು ಮಧ್ಯಾಹ್ನದ ಬಿಸಿಯೂಟಕ್ಕೆ ಅಡ್ಡಿಯಾಗಬಾರದು. ಶಾಲೆಗೆ ಬೀಗ ಹಾಕುವುದು, ಮಕ್ಕಳನ್ನು ಶಾಲೆಗೆ ಕಳುಹಿಸದಿರುವುದು ಪರಿಹಾರ ಮಾರ್ಗಗಳಲ್ಲ. ಇದರಿಂದ ನಷ್ಟವಾಗುವುದು ಮಕ್ಕಳಿಗೇ ಎಂಬುದನ್ನು ಎರಡೂ ಕಡೆಯ ಪೋಷಕರು ಗಮನದಲ್ಲಿಟ್ಟುಕೊಳ್ಳುವಂತೆ ಕೋರಲಾಗಿದೆ. ಈ ಪುಟವು ಮಾಹಿತಿಗಾಗಿ ಮಾತ್ರ. ಮೂಲ ಕಾಯ್ದೆ, ನಿಯಮಗಳು ಮತ್ತು ಚಾಲ್ತಿಯಲ್ಲಿರುವ ಸುತ್ತೋಲೆಗಳೇ ಅಂತಿಮ.