ಬಹುಮತ ಎಣಿಸಬೇಕಾದ ಜಾಗ: ಎಸ್.ಆರ್. ಬೊಮ್ಮಾಯಿ (1924–2007)

ಎಂ.ಎನ್. ರಾಯ್ ಅವರ ವಿಚಾರಗಳಿಗೆ ಮನಸೋತ ಎಸ್.ಆರ್. ಬೊಮ್ಮಾಯಿ ಹುಬ್ಬಳ್ಳಿಯಲ್ಲಿ ವಕೀಲಿ ಮಾಡುತ್ತ ರಾಜಕೀಯಕ್ಕೆ ಬಂದವರು. ಕಮ್ಯುನಿಸ್ಟ್ ನಾಯಕರಾಗಿದ್ದ ರಾಯ್ ಮುಂದೆ ಮಾನವತಾವಾದಕ್ಕೆ ಹೊರಳಿದ್ದರು. ಬೊಮ್ಮಾಯಿ 1988ರ ಆಗಸ್ಟ್ 13ರಂದು ಕರ್ನಾಟಕದ ಮುಖ್ಯಮಂತ್ರಿಯಾದರು. 1989ರ ಏಪ್ರಿಲ್ 21ರಂದು ಅವರ ಸರ್ಕಾರ ವಜಾ ಆಗಿ ರಾಷ್ಟ್ರಪತಿ ಆಳ್ವಿಕೆ ಬಂತು. ಈ ಎಂಟು ತಿಂಗಳ ಆಡಳಿತಕ್ಕಿಂತ ಅದು ಕೊನೆಗೊಂಡ ರೀತಿಯೇ ದೇಶದ ಚರಿತ್ರೆಯಲ್ಲಿ ಹೆಚ್ಚು ತೂಕದ್ದು.

ಬೆಂಬಲ ಹಿಂಪಡೆಯುವುದಾಗಿ ಶಾಸಕರು ಬರೆದ 19 ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದ್ದವು. ಏಪ್ರಿಲ್ 20ರಂದು ಆ ಶಾಸಕರಲ್ಲಿ 7 ಮಂದಿ, ದಾರಿತಪ್ಪಿಸಿ ಸಹಿ ಪಡೆಯಲಾಗಿದೆ ಎಂದು ಬರೆದುಕೊಟ್ಟರು. ಸದನ ಕರೆದು ಬಹುಮತ ತೋರಿಸಲು ಬೊಮ್ಮಾಯಿ ಸಿದ್ಧರಿದ್ದರು, ಅವಕಾಶ ಸಿಗಲಿಲ್ಲ. ಅವರ ಪಕ್ಷ ಜನತಾದಳ ಒಡೆದಿತ್ತು, ಬಹುಮತ ಅನುಮಾನದಲ್ಲೇ ಇತ್ತು ಎನ್ನುವವರಿದ್ದಾರೆ. ಇದ್ದಿರಬಹುದು. ಅನುಮಾನವಿದ್ದಾಗಲೇ ಅಲ್ಲವೇ ಸದನದಲ್ಲಿ ತಲೆ ಎಣಿಸಬೇಕಾದದ್ದು? ಹೈಕೋರ್ಟಿನಲ್ಲಿ ಸೋತರೂ ಅವರು ಬಿಡಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಜಾ ಸಂವಿಧಾನಬಾಹಿರವೆಂದಿತು. ಬಹುಮತದ ಪರೀಕ್ಷೆ ಸದನದಲ್ಲೇ ನಡೆಯಬೇಕು, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದಿತು. ಅಷ್ಟರಲ್ಲಿ ಚುನಾವಣೆ ಮುಗಿದು ವರ್ಷಗಳೇ ಆಗಿದ್ದವು, ಕುರ್ಚಿ ಮರಳಲಿಲ್ಲ. ಹಾಗಾಗಿ ಇದು ಬರೀ ಕಾಗದದ ಗೆಲುವು ಎಂಬ ಮಾತೂ ಇದೆ. ಆದರೆ ಇದೇ ತತ್ವದಂತೆ 2016ರಲ್ಲಿ ಉತ್ತರಾಖಂಡದಲ್ಲಿ ಸುಪ್ರೀಂ ಕೋರ್ಟ್ ಸದನದಲ್ಲೇ ಬಲಾಬಲ ಪರೀಕ್ಷೆ ನಡೆಸಿದಾಗ, ಪದಚ್ಯುತ ಮುಖ್ಯಮಂತ್ರಿ ಹರೀಶ್ ರಾವತ್ ಗೆದ್ದು ಅಧಿಕಾರಕ್ಕೆ ಮರಳಿದರು.