ದೊಡ್ಡ ರೋಗ ಹಡಗು ಹತ್ತಿದ ಕತೆ

ತೋಟಕ್ಕೆ ನುಗ್ಗಿದ ದನಕ್ಕೆ ನಮ್ಮಜ್ಜಿ ಬೈಯುತ್ತಿದ್ದುದು ಒಂದೇ ಮಾತು: "ನಿಂಗ್ ದೊಡ್ರೋಗ ಬರ!" ಮೊಮ್ಮಕ್ಕಳ ಮೇಲೆ ಸಿಟ್ಟು ಬಂದಾಗಲೂ ಅದೇ. ಅದೊಂದು ಬೈಗುಳ ಅಷ್ಟೇ ಅಂದುಕೊಂಡಿದ್ದೆ. 2011ರಲ್ಲಿ, ಪುಣೆಯ ಆಫೀಸಿನ ಕ್ಯಾಂಟೀನಿನಲ್ಲಿ ಕೂತು, ರಿಂಡರ್‌ಪೆಸ್ಟ್ ಎಂಬ ಜಾನುವಾರು ಕಾಯಿಲೆ ಭೂಮಿಯಿಂದಲೇ ಅಳಿಯಿತು ಎಂಬ ಸುದ್ದಿ ಓದಿದೆ. ಸಿಡುಬಿನ ನಂತರ ಮನುಷ್ಯ ಪೂರ್ತಿ ಅಳಿಸಿಹಾಕಿದ ಎರಡನೆಯ ರೋಗವಂತೆ. ಇದಕ್ಕೆ ಕನ್ನಡದಲ್ಲಿ ಏನಂತಾರೆ ಎಂದು ಊರಿನ ಪಶುವೈದ್ಯ ಗೆಳೆಯನಿಗೆ ಫೋನ್ ಮಾಡಿದರೆ ಅವನು ನಕ್ಕ. "ದೊಡ್ಡ ರೋಗ ಕಣೋ. ನಿಮ್ಮಜ್ಜಿ ಬೈತಿರಲಿಲ್ವಾ?"

ಅಂದಿನಿಂದ ಬಿಡುವಾದಾಗೆಲ್ಲ ಈ ರೋಗದ ಚರಿತ್ರೆ ಓದುತ್ತಾ ಬಂದಿದ್ದೇನೆ. ಜ್ವರ, ಬಾಯಲ್ಲಿ ಹುಣ್ಣು, ನಿಲ್ಲದ ಭೇದಿ, ವಾರ ಹತ್ತು ದಿನದಲ್ಲಿ ಸಾವು. ಒಂದಕ್ಕೆ ಬಂದರೆ ಕೊಟ್ಟಿಗೆಯೇ ಖಾಲಿ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ರೋಗಕ್ಕಿಂತ ಹೆಚ್ಚಾಗಿ ಅದನ್ನು ತಡೆಯಲು ಬರೆದ ನಿಯಮಗಳು. ಯಾರ ದನ ಸತ್ತಾಗ ನಿಯಮ ಹುಟ್ಟಿತು, ಯಾರದು ಸತ್ತಾಗ ಹುಟ್ಟಲಿಲ್ಲ ಎಂಬ ಲೆಕ್ಕ.

1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟಿದ್ದ ಒಂದಷ್ಟು ಗೂಳಿಭುಜದ ದನಗಳು ದಾರಿಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ತಂಗಿದವು. ಬ್ರೆಜಿಲ್‌ನವರಿಗೆ ನಮ್ಮ ಒಂಗೋಲು, ಗಿರ್ ತಳಿಗಳ ಮೇಲೆ ಬಲು ಮೋಹ. ಇವತ್ತಿಗೂ ಅಲ್ಲಿನ ಮುಖ್ಯ ಮಾಂಸದ ತಳಿಗೆ 'ನೆಲೋರ್' ಎಂದೇ ಹೆಸರು. ಆ ದನಗಳ ಜೊತೆ ದೊಡ್ಡ ರೋಗವೂ ಇಳಿಯಿತು. ಬೆಲ್ಜಿಯಂ ಕೊಟ್ಟಿಗೆಗಳಿಗೆ ಹಬ್ಬಿತು. ಸೋಂಕಿದ ಹಿಂಡುಗಳನ್ನು ಕೊಂದು ಹತ್ತಿಕ್ಕಿದರು. ಯುರೋಪ್ ಬೆಚ್ಚಿತು. ಮರುವರ್ಷವೇ ಪ್ಯಾರಿಸ್‌ನಲ್ಲಿ ಸಮ್ಮೇಳನ. 1924ರ ಜನವರಿ 25ರಂದು 28 ದೇಶಗಳು ಸಹಿ ಹಾಕಿ ಜಾನುವಾರು ರೋಗಗಳಿಗೆಂದೇ ಒಂದು ಅಂತರರಾಷ್ಟ್ರೀಯ ಕಚೇರಿ ಕಟ್ಟಿದವು. ವಿಶ್ವಸಂಸ್ಥೆ ಹುಟ್ಟುವುದಕ್ಕೆ ಎರಡು ದಶಕ ಮೊದಲು. ಯಾವ ದೇಶದಲ್ಲಿ ಯಾವ ರೋಗ ಕಂಡರೂ ಉಳಿದವರಿಗೆ ತಿಳಿಸಬೇಕು ಎಂಬುದು ಅದರ ಮೂಲ ಕರಾರು. ಓಐಇ ಎಂದು ಹೆಸರಾಗಿದ್ದ ಅದನ್ನು ಈಗ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಎನ್ನುತ್ತಾರೆ.

ಹಡಗು ಏಕೆ ಮುಖ್ಯ ಎಂದರೆ, ಈ ವೈರಸ್ಸು ಬಿಸಿಲಿಗೆ, ಒಣ ಗಾಳಿಗೆ ಬೇಗ ಸಾಯುತ್ತದೆ. ಅದಕ್ಕೆ ಜೀವಂತ ದನವೇ ವಾಹನ. ರೋಗ ತಗುಲಿದ ಮೇಲೆ ಲಕ್ಷಣ ಕಾಣಲು ಒಂದೆರಡು ವಾರ ಹಿಡಿಯಬಹುದು, ಮತ್ತು ಜ್ವರ ಏರುವ ಒಂದೆರಡು ದಿನ ಮೊದಲೇ ದನ ರೋಗ ಹರಡಲು ಶುರು ಮಾಡಿರುತ್ತದೆ. ಹಾಯಿಹಡಗಿನ ತಿಂಗಳುಗಟ್ಟಲೆ ಪಯಣದಲ್ಲಿ ರೋಗ ಬಂದು, ಸಾಯುವುದು ಸತ್ತು, ಉಳಿಯುವುದು ಉಳಿದು, ದಡ ಸೇರುವಾಗ ಎಲ್ಲ ಮುಗಿದಿರುತ್ತಿತ್ತು. ಉಗಿಹಡಗು, ರೈಲು ಬಂದ ಮೇಲೆ ರೋಗಕ್ಕಿಂತ ಪ್ರಯಾಣವೇ ಚುರುಕಾಯಿತು. ಮೇಲಾಗಿ ನಮ್ಮ ಬಯಲುಸೀಮೆಯ ದನಗಳಿಗೆ ಈ ರೋಗ ಯುರೋಪಿನ ತಳಿಗಳಿಗೆ ಬಂದಷ್ಟು ಜೋರಾಗಿ ಬರುತ್ತಿರಲಿಲ್ಲ. ನೋಡಲು ಗಟ್ಟಿಮುಟ್ಟಾದ ದನ, ಒಳಗೆ ರೋಗ. ಕ್ವಾರಂಟೈನ್ ಎಂದರೆ ಕೊನೆಗೂ ಇಷ್ಟೇ: ಹಡಗು ಉಳಿಸಿದ ದಿನಗಳನ್ನು ದಡದಲ್ಲಿ ವಾಪಸು ಕಳೆಯುವುದು.

ಇಂಗ್ಲೆಂಡಿಗೂ ಇದು ಹೊಸದಲ್ಲ. 1863ರಲ್ಲೇ ಜಾನ್ ಗ್ಯಾಮ್ಜಿ ಎಂಬ ಪಶುವೈದ್ಯ ಹ್ಯಾಂಬರ್ಗ್‌ನಲ್ಲಿ ಅಂತರರಾಷ್ಟ್ರೀಯ ಸಭೆ ಕರೆದು, ಪೂರ್ವ ಯುರೋಪಿನ ದನಗಳ ಜೊತೆ ರೋಗ ಬರುತ್ತದೆ ಎಂದು ಎಚ್ಚರಿಸಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1865ರಲ್ಲಿ ಹಲ್ ಬಂದರಿಗೆ ಬಾಲ್ಟಿಕ್ ದನಗಳೊಡನೆ ರೋಗ ಬಂತು, ಲಕ್ಷಗಟ್ಟಲೆ ದನ ಹೋದವು, 1866ರಲ್ಲಿ ಕಾಯ್ದೆ ಬಂತು. (ನಮ್ಮ ಪ್ರಾಜೆಕ್ಟುಗಳಲ್ಲೂ ರಿಸ್ಕ್ ರಿಜಿಸ್ಟರ್ ಎಂಬ ಎಕ್ಸೆಲ್ ಹಾಳೆ ಇರುತ್ತದೆ. ಬರೆದವನೇ ಅದರ ಕೊನೆಯ ಓದುಗ.)

ಈಗ ಆಫ್ರಿಕಾಕ್ಕೆ ಬನ್ನಿ. 1887ರ ಸುಮಾರಿಗೆ ಇಟಲಿಯ ಸೈನ್ಯಕ್ಕೆಂದು ಕೆಂಪು ಸಮುದ್ರದ ಮಸಾವಾ ಬಂದರಿನಲ್ಲಿ ಇಳಿಸಿದ ದನಗಳು ರೋಗ ತಂದವು. ಅವು ಹೋದದ್ದು ಭಾರತದಿಂದಲೋ ಏಡನ್ ಕಡೆಯಿಂದಲೋ ಎಂಬ ವಾದ ಇನ್ನೂ ಇದೆ. ಇಥಿಯೋಪಿಯಾದಲ್ಲಿ ಉಳುವ ಎತ್ತುಗಳೇ ಇಲ್ಲದೆ ಘೋರ ಬರ. ಹತ್ತು ವರ್ಷದೊಳಗೆ ರೋಗ ದಕ್ಷಿಣ ತುದಿ ಮುಟ್ಟಿತು. ಹಲವೆಡೆ ಹತ್ತರಲ್ಲಿ ಎಂಟೊಂಬತ್ತು ದನ ಸತ್ತವು. ದನವೇ ಆಸ್ತಿ, ದನವೇ ತೆರ, ದನವೇ ಊಟವಾಗಿದ್ದ ಜನ ಬರಿಗೈಯಾದರು. ಇದಕ್ಕಾಗಿ ಪ್ಯಾರಿಸ್‌ನಲ್ಲಿ ಯಾರೂ ಸೇರಲಿಲ್ಲ. ಒಂದು ಖಂಡದ ದನ ಸತ್ತಾಗ ಏಳದ ಕಚೇರಿ, ಬೆಲ್ಜಿಯಂನ ಒಂದಿಷ್ಟು ಕೊಟ್ಟಿಗೆಗಳು ಖಾಲಿಯಾದಾಗ ಎದ್ದಿತು.

ನಮ್ಮಲ್ಲಿ? ಈ ರೋಗದ ಬಗ್ಗೆ 1871ರಲ್ಲೇ ಒಂದು ಆಯೋಗ ವರದಿ ಕೊಟ್ಟಿತ್ತು. 1889ರಲ್ಲಿ ಪ್ರಯೋಗಾಲಯ ಶುರುವಾದದ್ದು ಇದೇ ಪುಣೆಯ ಸೈನ್ಸ್ ಕಾಲೇಜಿನಲ್ಲಿ. ಶಿವಾಜಿನಗರದ ಟ್ರಾಫಿಕ್ಕಿನಲ್ಲಿ ನಿಂತಾಗ ನಾನು ದಿನಾ ನೋಡುವ ಇಂಜಿನಿಯರಿಂಗ್ ಕಾಲೇಜು ಅದೇ. ಜನವಸತಿಯ ನಡುವೆ ಇಂಥ ರೋಗಾಣು ಇಟ್ಟುಕೊಳ್ಳುವುದು ಅಪಾಯವೆಂದು 1893ರಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಿದರು.

1898ರಲ್ಲಿ ಜಾನುವಾರು ಆಮದು ಕಾಯ್ದೆ ಬಂತು. ಪುಟವೆರಡರಲ್ಲಿ ಮುಗಿಯುವ ಪುಟ್ಟ ಕಾಯ್ದೆ. ಅದರಲ್ಲಿ ಹೆಸರಿಸಿದ ಪಿಡುಗುಗಳು ಉಣ್ಣೆಯ ಬಾಧೆ, ನೆರಡಿ, ಗ್ಲ್ಯಾಂಡರ್ಸ್, ಫಾರ್ಸಿ, ಕಜ್ಜಿ. ಇವುಗಳಲ್ಲಿ ಗ್ಲ್ಯಾಂಡರ್ಸ್, ಫಾರ್ಸಿ ಕುದುರೆಗಳ ರೋಗ. ಜಾನುವಾರುಗಳ ಪಟ್ಟಿಯಲ್ಲೂ ಕುದುರೆಯೇ ಮೊದಲು, ದನ ಆಮೇಲೆ. ಸೈನ್ಯದ ಕುದುರೆಗಳು ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬರುತ್ತಿದ್ದ ಕಾಲ ಅದು. ದೊಡ್ಡ ರೋಗದ ಹೆಸರೇ ಇಲ್ಲ. ಹೇಗೂ ಮನೆಯೊಳಗೇ ಇರುವ ರೋಗವನ್ನು ಬಾಗಿಲಲ್ಲಿ ತಡೆಯುವುದೇನು ಎಂದುಕೊಂಡಿರಬೇಕು. ಒಳನಾಡಿನಲ್ಲಿ ರೋಗ ಹರಡದಂತೆ ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ ಬಂದದ್ದು 2009ರಲ್ಲಿ, ಅಂದರೆ 111 ವರ್ಷಗಳ ನಂತರ. ಅಲ್ಲಿಯವರೆಗೆ ರಾಜ್ಯಕ್ಕೊಂದು ಕಾಯ್ದೆ.

ದೊಡ್ಡ ರೋಗವನ್ನು ಕಡೆಗೂ ಮುಗಿಸಿದ್ದು ಬಂದರಿನ ಅಧಿಕಾರಿಗಳಲ್ಲ, ಹಳ್ಳಿಹಳ್ಳಿ ತಿರುಗಿ ಸೂಜಿ ಚುಚ್ಚಿದವರು. 1954ರಿಂದ ರಾಷ್ಟ್ರೀಯ ಕಾರ್ಯಕ್ರಮ ನಡೆಯಿತು. ಕೊನೆಯವರೆಗೂ ಹಟ ಹಿಡಿದು ಕೂತದ್ದು ನಮ್ಮ ದಕ್ಷಿಣದಲ್ಲೇ. 1995ರಲ್ಲಿ ತಮಿಳುನಾಡಿನಲ್ಲಿ ಕಂಡದ್ದೇ ದೇಶದ ಕೊನೆಯ ಪ್ರಕರಣ. 2001ರಲ್ಲಿ ಕೀನ್ಯಾದಲ್ಲಿ ಜಗತ್ತಿನ ಕೊನೆಯದು.

ಆದರೆ 1898ರ ಕಾಯ್ದೆ ಮುಪ್ಪಾಗಲಿಲ್ಲ. 2001ರಲ್ಲಿ ತಿದ್ದಿ ಮಾಂಸ, ಮೊಟ್ಟೆ, ಹಾಲಿನ ಪದಾರ್ಥಗಳನ್ನೂ ಸೇರಿಸಿದರು. ಅದರ ಅಡಿಯಲ್ಲಿ, ಹಕ್ಕಿಜ್ವರ ವರದಿಯಾದ ದೇಶಗಳಿಂದ ಕೋಳಿ ತರುವಂತಿಲ್ಲ ಎಂದು ಭಾರತ ನಿರ್ಬಂಧ ಹಾಕಿತು. ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2014ರಲ್ಲಿ, ಮತ್ತೆ 2015ರ ಮೇಲ್ಮನವಿಯಲ್ಲಿ, ಭಾರತ ಸೋತಿತು. ಒಂದು ಮೂಲೆಯಲ್ಲಿ ಜ್ವರ ಬಂದರೆ ಇಡೀ ದೇಶದ ಕೋಳಿಗೆ ಬಾಗಿಲು ಹಾಕಬೇಡಿ, ರೋಗವಿಲ್ಲದ ಪ್ರದೇಶವನ್ನು ಬೇರೆಯಾಗಿ ಗುರುತಿಸಿ ಎನ್ನುವುದು ಓಐಇ ಸಂಹಿತೆ. ಭಾರತವನ್ನು ಅಳೆದದ್ದು ಆ ಕೋಲಿನಿಂದಲೇ. ಭಾರತದ ದನಗಳಿಂದಾಗಿ ಹುಟ್ಟಿದ ಕಚೇರಿಯ ಕೋಲು! ನಮ್ಮ ಕೋಳಿ ಸಾಕುವವರ ಭಯ ಸುಳ್ಳಲ್ಲ. 2006ರಲ್ಲಿ ಇದೇ ಮಹಾರಾಷ್ಟ್ರದ ನವಾಪುರದಲ್ಲಿ ರಾಶಿ ರಾಶಿ ಕೋಳಿ ಕೊಂದು ಹೂತದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ಆದರೆ ಹೊರಗಿನವರಲ್ಲಿ ನಾವು ಹುಡುಕುತ್ತಿದ್ದ ಸೌಮ್ಯ ಬಗೆಯ ಹಕ್ಕಿಜ್ವರವನ್ನು ನಮ್ಮ ಮನೆಯಲ್ಲಿ ಅಷ್ಟು ಶ್ರದ್ಧೆಯಿಂದ ಹುಡುಕುತ್ತಿರಲಿಲ್ಲ ಎಂಬ ಮಾತಿಗೆ ನಮ್ಮ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಅಲ್ಲಿ ನಾವು ಸೋತದ್ದು ಸರಿಯೆಂದೇ ನನಗನಿಸುತ್ತದೆ.

ಅಜ್ಜಿ ತೀರಿಕೊಂಡದ್ದು 1998ರಲ್ಲಿ. ಅವರ ಕೊಟ್ಟಿಗೆ ಎಂದಾದರೂ ಹೀಗೆ ಖಾಲಿಯಾಗಿತ್ತೇ ಎಂದು ಕೇಳಲು ನನಗೆ ಆಗ ಹೊಳೆಯಲಿಲ್ಲ. ಊರಲ್ಲಿ ಈಗ ದನಗಳೂ ಇಲ್ಲ. ಕಳೆದ ದೀಪಾವಳಿಗೆ ಹೋದಾಗ ಚಿಕ್ಕಮ್ಮ, ಚಟ್ನಿ ರುಬ್ಬುವಾಗ ನಡುವೆಯೇ ಕೆಟ್ಟು ನಿಂತ ಮಿಕ್ಸಿಗೆ ಬೈಯುತ್ತಿದ್ದರು: "ದೊಡ್ರೋಗ ಬಂದದ್ದೇ!"